ಡಾಲ್ಫಿನ್ ನಗ್ತಾ ಇಲ್ಲ ಸ್ವಾಮೀ, ಅದರ ಮುಖವೇ ಹಾಗಿದೆ!

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಯವರ ಜೊತೆ ಕೊಲ್ಲಿ ದೇಶಕ್ಕೆ ಪ್ರವಾಸ ಹೋಗಿದ್ದೆ. ನಿಮಗೂ ಆ ಪ್ಯಾಕೇಜ್ ಗೊತ್ತು. ಎತ್ತರದ ಕಟ್ಟಡ, ಮರಳುಗಾಡಿನ ಸಫಾರಿ, ರಾತ್ರಿ ದೋಣಿಯಲ್ಲಿ ಊಟ, ನಡುವೆ ಒಂದು ಮಧ್ಯಾಹ್ನ ಡಾಲ್ಫಿನ್ ಶೋ. ಎಸಿ ಹಾಲ್, ಜೋರು ಮ್ಯೂಸಿಕ್, ನೀಲಿ ನೀರು. ಡಾಲ್ಫಿನ್ ಚೆಂಡು ಆಡಿತು, ಬಳೆಯೊಳಗೆ ಹಾರಿತು, ಕುಂಚ ಹಿಡಿದು ಚಿತ್ರ ಬರೆಯಿತು. ಮಕ್ಕಳು ಕುಣಿದರು. ನಾನೂ ಚಪ್ಪಾಳೆ ಹೊಡೆದೆ. ಸುಳ್ಳು ಹೇಳಲ್ಲ, ಜೋರಾಗಿಯೇ ಹೊಡೆದೆ.

ಊರಿಗೆ ಬಂದ ಮೇಲೆ ಮೊಬೈಲಿನಲ್ಲಿ ಆ ವಿಡಿಯೋ ಮತ್ತೆ ನೋಡಿದೆ. ಶೋ ಮುಗಿದ ಮೇಲೂ ನಾನು ಕ್ಯಾಮೆರಾ ಆಫ್ ಮಾಡಿರಲಿಲ್ಲ. ಜನ ಎದ್ದು ಹೊರಡುತ್ತಿದ್ದಾರೆ, ಲೈಟ್ ಆರಿದೆ. ಹಿಂದೆ ತೊಟ್ಟಿಯಲ್ಲಿ ಒಂದು ಡಾಲ್ಫಿನ್ ಗೋಡೆಗೆ ಅಂಟಿಕೊಂಡಂತೆ ಸುತ್ತು ಹೊಡೆಯುತ್ತಿದೆ. ಒಂದೇ ದಿಕ್ಕು, ಒಂದೇ ವೇಗ. ಓದಿದ್ದು ಇಂಜಿನಿಯರಿಂಗ್ ನೋಡಿ, ಆ ಬುದ್ಧಿ ಬಿಡಲ್ಲ. ಸ್ಟಾಪ್‌ವಾಚ್ ಹಿಡಿದೆ. ಒಂದು ಸುತ್ತಿಗೆ 22 ಸೆಕೆಂಡ್. ಮತ್ತೆ 22. ಮತ್ತೆ 22.

ಅವತ್ತು ತಲೆಗೆ ಹೊಕ್ಕ ಪ್ರಶ್ನೆ ಇದು. ಸಮುದ್ರದಲ್ಲಿ ಒಂದು ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ ಪ್ರಾಣಿಯನ್ನು ಈ 22 ಸೆಕೆಂಡಿನ ವೃತ್ತಕ್ಕೆ ತಂದು ಹಾಕಿದವರು ಯಾರು? ಯಾವಾಗ? ಯಾಕೆ? ಕಥೆ ಹುಡುಕುತ್ತಾ ಹೋದರೆ ಅದು ನಮ್ಮನ್ನು 160 ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ. ಆ ಕಥೆಯಲ್ಲಿ ನಮ್ಮ ದೇಶದ ಪಾತ್ರವೂ ಇದೆ. ಅದು ತಲೆ ಎತ್ತಿ ಹೇಳಿಕೊಳ್ಳುವ ಪಾತ್ರ. ಆದರೆ ನಮಗೇ ನೆನಪಿಲ್ಲ.

ಸರ್ಕಸ್ ಸಾಹುಕಾರನ ನೆಲಮಾಳಿಗೆ

1861. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದ ವರ್ಷ. ನ್ಯೂಯಾರ್ಕ್ ನಗರದಲ್ಲಿ ಪಿ.ಟಿ. ಬಾರ್ನಮ್ ಎಂಬ ಮನುಷ್ಯ ಒಂದು ಮ್ಯೂಸಿಯಂ ನಡೆಸುತ್ತಿದ್ದ. ಮ್ಯೂಸಿಯಂ ಅಂದರೆ ನಾವು ಅಂದುಕೊಳ್ಳುವ ಮ್ಯೂಸಿಯಂ ಅಲ್ಲ. ವಿಚಿತ್ರ ಅನ್ನಿಸಿದ್ದನ್ನೆಲ್ಲ ತಂದಿಟ್ಟು ದುಡ್ಡು ಮಾಡುವ ಜಾಗ. ಮುಂದೆ ದೊಡ್ಡ ಸರ್ಕಸ್ ಕಂಪನಿ ಕಟ್ಟಿದವನೂ ಇವನೇ. ಜನರ ಕುತೂಹಲವನ್ನು ಹೇಗೆ ದುಡ್ಡು ಮಾಡಬೇಕು ಅನ್ನೋದರಲ್ಲಿ ಆಸಾಮಿ ಪಂಡಿತ.

ಇವನಿಗೆ ಜೀವಂತ ತಿಮಿಂಗಿಲ ತೋರಿಸುವ ಹುಚ್ಚು ಹತ್ತಿತು. ಕೆನಡಾದ ಸೇಂಟ್ ಲಾರೆನ್ಸ್ ನದಿ ಸಮುದ್ರ ಸೇರುವ ಕಡೆಯಿಂದ ಬೆಲುಗಾ ಎಂಬ ಬಿಳಿ ತಿಮಿಂಗಿಲಗಳನ್ನು ಹಿಡಿಸಿದ. ಡಾಲ್ಫಿನ್‌ಗೆ ಹತ್ತಿರದ ಸಂಬಂಧಿ ಇವು. ಕಡಲಪಾಚಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಿ ರೈಲಿನಲ್ಲಿ ನ್ಯೂಯಾರ್ಕಿಗೆ ತಂದರು. ದಾರಿಯುದ್ದಕ್ಕೂ ಸ್ಟೇಷನ್‌ಗಳಿಗೆ ಟೆಲಿಗ್ರಾಂ ಹೋಗುತ್ತಿತ್ತು, ತಿಮಿಂಗಿಲ ಇಲ್ಲಿಗೆ ಬಂತು, ಅಲ್ಲಿಗೆ ಬಂತು ಅಂತ. ಅಂದರೆ ಬ್ರೇಕಿಂಗ್ ನ್ಯೂಸ್ ಅನ್ನೋದನ್ನ ನಾವು ಟಿವಿಯವರು ಕಂಡುಹಿಡಿದದ್ದಲ್ಲ!

ತಂದು ಇಟ್ಟಿದ್ದೆಲ್ಲಿ? ನೆಲಮಾಳಿಗೆಯ ತೊಟ್ಟಿಯಲ್ಲಿ. ಗ್ಯಾಸ್ ದೀಪದ ಹೊಗೆ, ಉಸಿರುಗಟ್ಟುವ ಗಾಳಿ, ಸಮುದ್ರದ ಪ್ರಾಣಿಗೆ ಸಿಹಿನೀರು. ಕೆಲವೇ ದಿನಗಳಲ್ಲಿ ಎರಡೂ ಸತ್ತವು. ಬಾರ್ನಮ್ ಏನು ಮಾಡಿದ? ನಿಲ್ಲಿಸಿದನಾ? ಇಲ್ಲ. ಸಮುದ್ರದಿಂದ ಪೈಪ್ ಎಳೆಸಿ ಉಪ್ಪುನೀರಿನ ಹೊಸ ತೊಟ್ಟಿ ಕಟ್ಟಿಸಿದ, ಮತ್ತೆರಡು ತರಿಸಿದ. 1865ರ ಜುಲೈನಲ್ಲಿ ಮ್ಯೂಸಿಯಂಗೆ ಬೆಂಕಿ ಬಿತ್ತು. ಮನುಷ್ಯರು ಓಡಿ ಬಚಾವಾದರು. ತೊಟ್ಟಿಯಲ್ಲಿದ್ದ ತಿಮಿಂಗಿಲಗಳು ಅಲ್ಲೇ ಸತ್ತವು.

ಸ್ವಲ್ಪ ಗಮನಿಸಿ. ಪ್ರಾಣಿ ಸತ್ತರೆ ತೊಟ್ಟಿ ಸುಧಾರಿಸು, ಇನ್ನೊಂದು ತಾ. ಈ ದಂಧೆಯ ಸೂತ್ರ ಮೊದಲ ವರ್ಷವೇ ಸಿದ್ಧವಾಗಿತ್ತು. ಮುಂದಿನ ನೂರೈವತ್ತು ವರ್ಷ ನಡೆದದ್ದು ಇದೇ.

ಸಿನಿಮಾ ಸೆಟ್ಟಿನಲ್ಲಿ ಹುಟ್ಟಿದ ಶೋ

ಈಗ ನಾವು ನೋಡುವ ಡಾಲ್ಫಿನ್ ಶೋ ಇದೆಯಲ್ಲ, ಅದು ಹುಟ್ಟಿದ್ದು ಸಿನಿಮಾದಿಂದ. 1938ರ ಜೂನ್‌ನಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಬಳಿ ಮರೀನ್ ಸ್ಟುಡಿಯೋಸ್ ಅಂತ ಒಂದು ಸಂಸ್ಥೆ ಬಾಗಿಲು ತೆರೆಯಿತು. ಹೆಸರೇ ಹೇಳುತ್ತದೆ, ಸ್ಟುಡಿಯೋ! ನೀರಿನೊಳಗಿನ ದೃಶ್ಯಗಳನ್ನು ಚಿತ್ರೀಕರಿಸಲು ಕಟ್ಟಿದ ದೊಡ್ಡ ತೊಟ್ಟಿಗಳು, ಪಕ್ಕದಲ್ಲಿ ಕ್ಯಾಮೆರಾ ಇಡಲು ಗಾಜಿನ ಕಿಟಕಿಗಳು. ಇದರ ಸ್ಥಾಪಕರಲ್ಲಿ ಒಬ್ಬ ಇಲ್ಯಾ ಟಾಲ್‌ಸ್ಟಾಯ್. ಯಾರು ಗೊತ್ತಾ? ನಮ್ಮ ಗಾಂಧೀಜಿ ಗುರುಸಮಾನ ಎಂದು ಗೌರವಿಸಿದ, ಅಹಿಂಸೆ ಬಗ್ಗೆ ಅಷ್ಟು ಬರೆದ ಲಿಯೋ ಟಾಲ್‌ಸ್ಟಾಯ್ ಅವರ ಮೊಮ್ಮಗ! ಇತಿಹಾಸ ಕೆಲವೊಮ್ಮೆ ಹೀಗೂ ಆಟ ಆಡುತ್ತದೆ.

ಪ್ರಾರಂಭದ ದಿನವೇ 20 ಸಾವಿರಕ್ಕೂ ಹೆಚ್ಚು ಜನ ಬಂದರು. ಮೀನು ಹಾಕುವಾಗ ಡಾಲ್ಫಿನ್‌ಗಳು ನೀರಿನಿಂದ ಮೇಲಕ್ಕೆ ಹಾರಿ ಹಿಡಿಯುತ್ತಿದ್ದವು. ಜನ ಅದನ್ನು ನೋಡೋಕೆ ಮುಗಿಬಿದ್ದರು. ಮಾಲೀಕರಿಗೆ ಅರ್ಥವಾಯಿತು, ಸಿನಿಮಾಕ್ಕಿಂತ ಇದೇ ಲಾಭ. ಸರ್ಕಸ್‌ನಲ್ಲಿ ಕೆಲಸ ಮಾಡಿದ್ದ ಅಡಾಲ್ಫ್ ಫ್ರಾನ್ ಎಂಬ ತರಬೇತುದಾರನನ್ನು ಕರೆತಂದರು. ಅವನು ಫ್ಲಿಪ್ಪಿ ಎಂಬ ಡಾಲ್ಫಿನ್‌ಗೆ ಬಳೆಯೊಳಗೆ ಹಾರುವುದು, ಗಂಟೆ ಬಾರಿಸುವುದನ್ನೆಲ್ಲ ಕಲಿಸಿದ. ಮೊಟ್ಟಮೊದಲ ವಿದ್ಯಾವಂತ ಡಾಲ್ಫಿನ್ ಅಂತ ಪ್ರಚಾರವಾಯಿತು. ವಿದ್ಯೆಯ ಸಿಲಬಸ್ ಏನು? ಹೇಳಿದ್ದು ಮಾಡಿದರೆ ಒಂದು ಮೀನು. ಮಾಡದಿದ್ದರೆ ಇಲ್ಲ.

ಹಾಗಾದರೆ ಈ ತೊಟ್ಟಿಗಳಿಂದ ಒಳ್ಳೆಯದು ಏನೂ ಆಗಲಿಲ್ಲವಾ? ಆಯಿತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಅಲ್ಲ. ಡಾಲ್ಫಿನ್ ಶಬ್ದ ಹೊರಡಿಸಿ, ಅದರ ಪ್ರತಿಧ್ವನಿ ಕೇಳಿ, ಮುಂದಿರುವ ವಸ್ತುವನ್ನು ಗುರುತಿಸುತ್ತದೆ. ಹಡಗಿನ ಸೋನಾರ್ ಮಾಡುವ ಕೆಲಸವನ್ನು ಅದು ಹುಟ್ಟಿನಿಂದಲೇ ಮಾಡುತ್ತದೆ. 1960ರ ಹೊತ್ತಿಗೆ ಕೆನೆತ್ ನಾರಿಸ್ ಎಂಬ ವಿಜ್ಞಾನಿ ಕ್ಯಾಲಿಫೋರ್ನಿಯಾದಲ್ಲಿ ಸಾಕಿದ್ದ ಒಂದು ಡಾಲ್ಫಿನ್‌ನ ಕಣ್ಣಿಗೆ ರಬ್ಬರ್ ಕಪ್ ಮುಚ್ಚಿ ಇದನ್ನು ಸಾಬೀತು ಮಾಡಿದ. ಕಣ್ಣು ಕಾಣದಿದ್ದರೂ ಅದು ಅಡ್ಡ ಬಂದ ವಸ್ತುಗಳನ್ನು ತಪ್ಪಿಸಿಕೊಂಡು ಈಜಿತು. 2001ರಲ್ಲಿ ನ್ಯೂಯಾರ್ಕ್ ಅಕ್ವೇರಿಯಂನ ಎರಡು ಡಾಲ್ಫಿನ್‌ಗಳ ಮುಂದೆ ಕನ್ನಡಿ ಇಟ್ಟರು. ಮೈಮೇಲೆ ಹಾಕಿದ ಗುರುತನ್ನು ಅವು ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಂಡವು. ಇದು ನಾನೇ ಎಂಬ ಅರಿವು ಅದಕ್ಕಿದೆ! ಪ್ರತಿ ಡಾಲ್ಫಿನ್‌ಗೂ ತನ್ನದೇ ಒಂದು ಶಿಳ್ಳೆ ಇದೆ, ಅದೇ ಅದರ ಹೆಸರು ಇದ್ದ ಹಾಗೆ ಅನ್ನುವುದೂ ಗೊತ್ತಾಯಿತು.

ತಮಾಷೆ ನೋಡಿ. ಇವುಗಳನ್ನು ತೊಟ್ಟಿಯಲ್ಲಿ ಇಡಬಾರದು ಅನ್ನುವುದಕ್ಕೆ ಇವತ್ತು ನಮ್ಮ ಕೈಯಲ್ಲಿರುವ ಪುರಾವೆಯಲ್ಲಿ ಎಷ್ಟೋ ಭಾಗ ಸಿಕ್ಕಿದ್ದು ತೊಟ್ಟಿಯಲ್ಲೇ.

ಟಿವಿ ಮಾಡಿದ ಪಾಪ

ಇಲ್ಲಿಗೆ ನಮ್ಮ ಮಾಧ್ಯಮದ ಪ್ರವೇಶ. 1963ರಲ್ಲಿ ಫ್ಲಿಪ್ಪರ್ ಸಿನಿಮಾ ಬಂತು. 1964ರಿಂದ 67ರವರೆಗೆ ಅದೇ ಹೆಸರಿನ ಟಿವಿ ಸೀರಿಯಲ್. ಒಂದು ಡಾಲ್ಫಿನ್, ಇಬ್ಬರು ಹುಡುಗರು, ವಾರಕ್ಕೊಂದು ಸಾಹಸ. ಮನೆಮನೆಯಲ್ಲೂ ಫ್ಲಿಪ್ಪರ್. ಅಲ್ಲಿಂದ ಡಾಲ್ಫಿನ್ ಅಂದರೆ ಮನುಷ್ಯನ ಸ್ನೇಹಿತ, ಸದಾ ನಗುವ ಪ್ರಾಣಿ ಅನ್ನುವ ಚಿತ್ರ ಜಗತ್ತಿನ ತಲೆಯಲ್ಲಿ ಕೂತಿತು. ಎಲ್ಲ ಊರಿಗೂ ಡಾಲ್ಫಿನ್ ಪಾರ್ಕ್ ಬೇಕಾಯಿತು.

ನಗು? ಸ್ವಾಮೀ, ಅದು ನಗು ಅಲ್ಲ. ಅದರ ದವಡೆಯ ಮೂಳೆಯ ಆಕಾರವೇ ಹಾಗೆ. ಹೊಟ್ಟೆ ನೋವಿದ್ದರೂ ಅದೇ ಮುಖ, ಜ್ವರ ಬಂದರೂ ಅದೇ ಮುಖ. ಸತ್ತು ದಡಕ್ಕೆ ಬಿದ್ದಾಗಲೂ ಅದೇ ಮುಖ. ನಾವು ನಗು ಅಂದುಕೊಂಡು ಟಿಕೆಟ್ ತಗೊಂಡೆವು.

ಆ ಸೀರಿಯಲ್‌ನ ಡಾಲ್ಫಿನ್‌ಗಳಿಗೆ ತರಬೇತಿ ಕೊಟ್ಟವನು ರಿಕ್ ಓಬ್ಯಾರಿ. ಫ್ಲಿಪ್ಪರ್ ಪಾತ್ರ ಮಾಡಿದ್ದು ಒಂದಲ್ಲ, ಹಲವು ಡಾಲ್ಫಿನ್. ಅದರಲ್ಲಿ ಮುಖ್ಯವಾದದ್ದು ಕ್ಯಾಥಿ. ಸೀರಿಯಲ್ ಮುಗಿದ ಮೇಲೆ ಕ್ಯಾಥಿ ಮಯಾಮಿಯ ತೊಟ್ಟಿಯಲ್ಲೇ ಉಳಿಯಿತು. 1970ರಲ್ಲಿ ಒಂದು ದಿನ ಓಬ್ಯಾರಿ ನೋಡಲು ಹೋದಾಗ ಅದು ಅವನ ತೋಳಿಗೆ ಬಂದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಒಂದು ಉಸಿರು ತೆಗೆದುಕೊಂಡು ಮತ್ತೆ ಉಸಿರಾಡಲೇ ಇಲ್ಲವಂತೆ. ನಮಗೆ ಉಸಿರಾಟ ತನ್ನಷ್ಟಕ್ಕೆ ನಡೆಯುತ್ತದೆ. ಡಾಲ್ಫಿನ್‌ಗೆ ಹಾಗಲ್ಲ, ಪ್ರತಿ ಉಸಿರೂ ಬೇಕೆಂದೇ ತೆಗೆದುಕೊಳ್ಳಬೇಕು. ಅದಕ್ಕೇ ಓಬ್ಯಾರಿ ಇವತ್ತಿಗೂ ಅದನ್ನು ಆತ್ಮಹತ್ಯೆ ಅನ್ನುತ್ತಾನೆ. ಪ್ರಾಣಿಗೆ ಆತ್ಮಹತ್ಯೆ ಅನ್ನುವ ಮಾತು ಸರಿಯಾ? ವಿಜ್ಞಾನಿಗಳು ಎಲ್ಲರೂ ಒಪ್ಪುವುದಿಲ್ಲ. ಬಿಡಿ, ಆ ವಾದ ಬೇಡ. ಆದರೆ ಆ ಮನುಷ್ಯನಿಗೆ ಏನಾಯಿತು ಅನ್ನುವುದು ದಾಖಲೆಯಲ್ಲಿದೆ. ಅದೇ ವರ್ಷ ಏಪ್ರಿಲ್ 22, ಜಗತ್ತಿನ ಮೊದಲ ಭೂ ದಿನ. ಬಹಾಮಾಸ್‌ನ ಬಿಮಿನಿ ದ್ವೀಪದಲ್ಲಿ ಸೆರೆಯಲ್ಲಿದ್ದ ಒಂದು ಡಾಲ್ಫಿನ್ ಬಿಡಿಸಲು ಹೋಗಿ ಓಬ್ಯಾರಿ ಅರೆಸ್ಟ್ ಆದ. ಹತ್ತು ವರ್ಷ ಡಾಲ್ಫಿನ್ ಪಳಗಿಸಿದವನು ಮುಂದೆ ಇಡೀ ಜೀವನ ಅವುಗಳನ್ನು ಬಿಡಿಸುವ ಹೋರಾಟಕ್ಕೆ ಕೊಟ್ಟ. ಜಪಾನಿನ ತೈಜಿ ಎಂಬ ಊರಿನಲ್ಲಿ ಡಾಲ್ಫಿನ್‌ಗಳನ್ನು ಕಬ್ಬಿಣದ ಕೊಳವೆ ಬಡಿದು ಬೆದರಿಸಿ, ಕೊಲ್ಲಿಗೆ ಅಟ್ಟಿ, ಚೆಂದ ಇದ್ದವನ್ನು ಅಕ್ವೇರಿಯಂಗಳಿಗೆ ಆರಿಸಿ, ಉಳಿದ ಎಷ್ಟನ್ನೋ ಮಾಂಸಕ್ಕೆ ಕೊಲ್ಲುವುದನ್ನು ಜಗತ್ತಿಗೆ ತೋರಿಸಿದ ದಿ ಕೋವ್ ಎಂಬ ಸಾಕ್ಷ್ಯಚಿತ್ರದ ಮುಖ್ಯ ವ್ಯಕ್ತಿ ಇವನೇ. 2010ರಲ್ಲಿ ಅದಕ್ಕೆ ಆಸ್ಕರ್ ಬಂತು.

ಒಂದು ಸಿಕ್ಸ್ಟಿ ಫಾರ್ಟಿ ಸೈಟಿನ ಕಥೆ

ಈಗ ಈ ಇತಿಹಾಸದಲ್ಲೇ ನನ್ನನ್ನು ಅತಿ ಹೆಚ್ಚು ಕಾಡಿದ ಕಥೆ. ಓರ್ಕಾ ಅಂತ ಕೇಳಿದ್ದೀರಿ. ಕಿಲ್ಲರ್ ವೇಲ್ ಅನ್ನುತ್ತಾರೆ. ಹೆಸರಿನಲ್ಲಿ ವೇಲ್ ಇದ್ದರೂ ಅದು ಡಾಲ್ಫಿನ್ ಕುಟುಂಬದ್ದೇ, ಆ ಕುಟುಂಬದಲ್ಲಿ ಅತಿ ದೊಡ್ಡದು. ತಾಯಿ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಟ್ಟಿಗೇ ಇರುವ ಅವಿಭಕ್ತ ಕುಟುಂಬ ಅವುಗಳದ್ದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯ ಓರ್ಕಾಗಳಲ್ಲಿ ಗಂಡು ಮಕ್ಕಳೂ ಜೀವನಪೂರ್ತಿ ತಾಯಿಯ ಜೊತೆಗೇ ಇರುತ್ತವೆ.

1970ರ ಆಗಸ್ಟ್ 8. ಅದೇ ಕರಾವಳಿಯ ಪೆನ್ ಕೋವ್. ಸ್ಪೀಡ್ ಬೋಟ್, ವಿಮಾನ, ಸಿಡಿಮದ್ದು ಹಿಡಿದುಕೊಂಡು ಬಂದ ತಂಡ ಸುಮಾರು 80 ಓರ್ಕಾಗಳನ್ನು ಕೊಲ್ಲಿಗೆ ಅಟ್ಟಿತು. ಬೇಕಾಗಿದ್ದದ್ದು ಮರಿಗಳು ಮಾತ್ರ. ಯಾಕೆ? ಸಾಗಿಸಲು ಸುಲಭ, ಖರ್ಚು ಕಡಿಮೆ. ಬಲೆಯಲ್ಲಿ ಮರಿಗಳನ್ನು ಬೇರೆ ಮಾಡಿದರು. ದೊಡ್ಡವು ಬಲೆಯಾಚೆಗೆ ನಿಂತು ಕೂಗುತ್ತಿದ್ದವು, ಹೋಗಲಿಲ್ಲ. ಏಳು ಮರಿಗಳನ್ನು ಎತ್ತಿಕೊಂಡು ಹೋದರು. ಐದು ಓರ್ಕಾಗಳು ಬಲೆಗೆ ಸಿಕ್ಕಿ ಮುಳುಗಿ ಸತ್ತವು, ಅದರಲ್ಲಿ ನಾಲ್ಕು ಮರಿಗಳೇ. ಸತ್ತದ್ದು ಜನರಿಗೆ ಗೊತ್ತಾಗಬಾರದು ಅಂತ ಹೊಟ್ಟೆ ಸೀಳಿ, ಕಲ್ಲು ತುಂಬಿ, ಲಂಗರು ಕಟ್ಟಿ ಮುಳುಗಿಸಿದರು. ಕೆಲವು ತಿಂಗಳ ಮೇಲೆ ಹೆಣಗಳು ಮೇಲೆ ಬಂದವು. ಆ ಕೆಲಸ ಮಾಡಿದ ಮುಳುಗುಗಾರರಲ್ಲಿ ಒಬ್ಬ ವಯಸ್ಸಾದ ಮೇಲೆ ಬ್ಲ್ಯಾಕ್‌ಫಿಶ್ ಎಂಬ ಸಾಕ್ಷ್ಯಚಿತ್ರದಲ್ಲಿ ಅದನ್ನು ಹೇಳಿಕೊಂಡು ಅಳುತ್ತಾನೆ.

ಆ ಏಳರಲ್ಲಿ ಒಂದು, ನಾಲ್ಕು ವರ್ಷದ ಆಸುಪಾಸಿನ ಹೆಣ್ಣು ಮರಿ, ಮಯಾಮಿಗೆ ಹೋಯಿತು. ಹೆಸರು ಟೊಕಿಟೇ. ವೇದಿಕೆಗೆ ಲೋಲಿಟಾ. ಅದಕ್ಕೆ ಕೊಟ್ಟ ಮುಖ್ಯ ತೊಟ್ಟಿ 80 ಅಡಿ ಉದ್ದ, 35 ಅಡಿ ಅಗಲ, ಅತಿ ಆಳದ ಕಡೆ 20 ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳಬೇಕು ಅಂದರೆ ಒಂದು ಸಿಕ್ಸ್ಟಿ ಫಾರ್ಟಿ ಸೈಟಿಗಿಂತ ಚೂರು ದೊಡ್ಡದು. ಲೋಲಿಟಾ ಬೆಳೆದಾಗ ಅದರ ಉದ್ದವೇ ಸುಮಾರು 20 ಅಡಿ, ತೂಕ 3 ಟನ್‌ಗೂ ಹೆಚ್ಚು. ನೆಟ್ಟಗೆ ನಿಂತರೆ ಬಾಲ ತಳಕ್ಕೆ ತಾಗುತ್ತಿತ್ತು.

ಜೊತೆಗೆ ಹ್ಯೂಗೋ ಎಂಬ ಗಂಡು ಓರ್ಕಾ ಇತ್ತು. ಅದು ಪದೇ ಪದೇ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿತ್ತು. 1980ರಲ್ಲಿ ಮೆದುಳಿನ ರಕ್ತನಾಳ ಒಡೆದು ಸತ್ತಿತು. ಆಮೇಲೆ 40 ವರ್ಷಕ್ಕೂ ಹೆಚ್ಚು ಕಾಲ ಲೋಲಿಟಾ ಇನ್ನೊಂದು ಓರ್ಕಾದ ಮುಖ ನೋಡಲಿಲ್ಲ. ಆ ವರ್ಷಗಳಲ್ಲಿ ಬಹುಪಾಲು ಶೋ ಮಾತ್ರ ನಡೆಯುತ್ತಲೇ ಇತ್ತು. 2023ರ ಮಾರ್ಚ್‌ನಲ್ಲಿ, ಅದನ್ನು ಹುಟ್ಟಿದ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇವೆ ಅಂತ ಕೊನೆಗೂ ಘೋಷಣೆ ಆಯಿತು. ಆಗಸ್ಟ್ 18ಕ್ಕೆ ಅದು ಸತ್ತಿತು. ಸೆರೆಯಾಗಿ 53 ವರ್ಷ. ಅದರ ಸಮುದ್ರದ ದಡದ ಮೂಲನಿವಾಸಿ ಲಮ್ಮಿ ಜನ ಬೂದಿಯನ್ನು ತಂದು ಆ ನೀರಿಗೆ ಬಿಟ್ಟರು. ಅದರ ತಾಯಿ ಇರಬಹುದು ಎಂದು ಸಂಶೋಧಕರು ನಂಬಿದ್ದ ಮುದಿ ಓರ್ಕಾ ಆಗ ಅದೇ ಸಮುದ್ರದಲ್ಲಿ ಜೀವಂತ ಇತ್ತು.

ಇನ್ನೊಂದು ಲೆಕ್ಕ. ಆ ಕರಾವಳಿಯಿಂದ ಅಷ್ಟೊಂದು ಮರಿಗಳನ್ನು ಎತ್ತಿದ ಪರಿಣಾಮ ಏನಾಯಿತು? ಒಂದು ತಲೆಮಾರಿನ ತಾಯಂದಿರೇ ಕಾಣೆಯಾದರು. ಆ ಗುಂಪಿನಲ್ಲಿ ಇವತ್ತು ಉಳಿದಿರುವುದು 75ರ ಆಸುಪಾಸು. ಮೀನು ಕಡಿಮೆಯಾದದ್ದು, ನೀರು ಕೆಟ್ಟದ್ದೂ ಕಾರಣ ಹೌದು. ಆದರೆ ಮೊದಲ ಪೆಟ್ಟು ಬಿದ್ದದ್ದು ಶೋಗಾಗಿ.

ತಿಲಿಕಮ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1983ರಲ್ಲಿ ಐಸ್‌ಲ್ಯಾಂಡ್ ಬಳಿ ಮರಿಯಾಗಿ ಸೆರೆಸಿಕ್ಕ ಓರ್ಕಾ. 1991, 1999, 2010, ಹೀಗೆ ಮೂರು ಜನರ ಸಾವಿಗೆ ಅದು ಕಾರಣವಾಯಿತು. ಮೂರನೆಯವರು ಫ್ಲಾರಿಡಾದ ಸೀವರ್ಲ್ಡ್‌ನ ಅತ್ಯಂತ ಅನುಭವಿ ತರಬೇತುದಾರ್ತಿ. ಮುಕ್ತ ಸಮುದ್ರದಲ್ಲಿ ಓರ್ಕಾ ಮನುಷ್ಯನನ್ನು ಕೊಂದ ದಾಖಲೆ ಇಲ್ಲ. 2013ರಲ್ಲಿ ಬ್ಲ್ಯಾಕ್‌ಫಿಶ್ ಬಂದ ಮೇಲೆ ಜನ ತಿರುಗಿಬಿದ್ದರು. 2016ರಲ್ಲಿ ಸೀವರ್ಲ್ಡ್ ಇನ್ನು ಓರ್ಕಾ ಸಂತಾನ ಬೆಳೆಸುವುದಿಲ್ಲ ಎಂದು ಘೋಷಿಸಿತು. ಸಾಯುವುದು ಪ್ರಾಣಿ ಮಾತ್ರ ಅಲ್ಲ, ಮೀನು ಹಿಡಿದು ತೊಟ್ಟಿಯ ಅಂಚಿನಲ್ಲಿ ನಿಲ್ಲುವ ನೌಕರನೂ ಸಾಯಬಹುದು ಅನ್ನುವುದು ಆ ಕಂಪನಿಗಳಿಗೆ ಅರ್ಥವಾಗಲು ಮೂರು ಜೀವ ಬೇಕಾಯಿತು.

ಭಾರತ ಬೇಡ ಅಂದ ದಿನ

ಈಗ ನಮ್ಮ ಮನೆಗೆ ಬನ್ನಿ. 1998. ಆ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶನ ಮಾಡುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಸರ್ಕಸ್‌ನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ, ಬೀದಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮಕ್ಕಳಿಗೆ ಜ್ವರ ಬಂದರೆ ಕರಡಿ ಕೂದಲಿನ ತಾಯಿತ. ಆ ಕರಡಿಯ ಮೂಗಿಗೆ ಕಾದ ಕಬ್ಬಿಣದಲ್ಲಿ ತೂತು ಮಾಡಿ ಹಗ್ಗ ಪೋಣಿಸುತ್ತಾರೆ ಅಂತ ನಮಗೆ ಆಗ ಗೊತ್ತಿರಲಿಲ್ಲ. ಖಲಂದರ್ ಸಮುದಾಯದ ಆ ಕುಟುಂಬಗಳಿಗೆ ಬೇರೆ ಜೀವನೋಪಾಯ ಕೊಟ್ಟು, ಕರಡಿಗಳನ್ನು ಆಶ್ರಯ ಕೇಂದ್ರಕ್ಕೆ ಸೇರಿಸಲಾಯಿತು. ಬನ್ನೇರುಘಟ್ಟದಲ್ಲಿ ಅಂಥ ಒಂದು ಕೇಂದ್ರ ಇದೆ. ಇದು ಆಗಲ್ಲ ಹೋಗಲ್ಲ ಅಂದಿದ್ದ ಕೆಲಸ. ಆಯಿತು.

ಆದರೆ ವಿಪರ್ಯಾಸ ನೋಡಿ. ಅದೇ 1998ರಲ್ಲಿ ಪಕ್ಕದ ಚೆನ್ನೈನಲ್ಲಿ ಡಾಲ್ಫಿನ್ ಸಿಟಿ ಎಂಬ ಪಾರ್ಕಿಗೆ ಬಲ್ಗೇರಿಯಾದಿಂದ ಡಾಲ್ಫಿನ್‌ಗಳು ಬಂದವು. ತಿಂಗಳುಗಳೊಳಗೆ ಎಲ್ಲವೂ ಸತ್ತವು. ಪಾರ್ಕಿನ ಕಥೆ ಅಲ್ಲಿಗೆ ಮುಗಿಯಿತು.

ಹದಿನೈದು ವರ್ಷ ಕಳೆಯಿತು. ಮರೆವು ನಮ್ಮ ರಾಷ್ಟ್ರೀಯ ಗುಣ. ಕೊಚ್ಚಿ, ಮುಂಬೈ, ದೆಹಲಿ ಕಡೆ ಮತ್ತೆ ಡಾಲ್ಫಿನೇರಿಯಂ ಕಟ್ಟುವ ಪ್ರಸ್ತಾವಗಳು ಶುರುವಾದವು. ಪ್ರವಾಸೋದ್ಯಮ, ಉದ್ಯೋಗ, ಆದಾಯ, ಅದೇ ಪಟ್ಟಿ. ಪ್ರಾಣಿಪ್ರಿಯರು ಬೀದಿಗಿಳಿದರು. 2013ರ ಮೇ 17ರಂದು ಕೇಂದ್ರ ಮೃಗಾಲಯ ಪ್ರಾಧಿಕಾರ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಡಾಲ್ಫಿನ್‌ನಂಥ ಪ್ರಾಣಿಗಳು ತುಂಬ ಬುದ್ಧಿವಂತ, ಸೂಕ್ಷ್ಮ ಜೀವಿಗಳು, ಅವುಗಳನ್ನು ಮನರಂಜನೆಗಾಗಿ ಸೆರೆಯಲ್ಲಿಡುವುದು ನೈತಿಕವಾಗಿ ಒಪ್ಪುವಂಥದ್ದಲ್ಲ, ಆದ್ದರಿಂದ ಡಾಲ್ಫಿನೇರಿಯಂಗೆ ಅನುಮತಿ ಕೊಡಬೇಡಿ ಅನ್ನುವುದು ಅದರ ಸಾರಾಂಶ.

ಇಲ್ಲೊಂದು ತಿದ್ದುಪಡಿ ಆಗಬೇಕು. ಭಾರತ ಡಾಲ್ಫಿನ್‌ಗಳಿಗೆ ವ್ಯಕ್ತಿಯ ಸ್ಥಾನ ಕೊಟ್ಟಿತು ಅಂತ ಇಡೀ ಜಗತ್ತಿನಲ್ಲಿ ಸುದ್ದಿ ಓಡಾಡಿತು. ವಾಟ್ಸಾಪ್‌ನಲ್ಲಿ ಇವತ್ತಿಗೂ ಓಡಾಡುತ್ತಿದೆ. ನಿಜ ಅಷ್ಟಿಲ್ಲ. ಇವುಗಳನ್ನು ಮನುಷ್ಯರಲ್ಲದ ವ್ಯಕ್ತಿಗಳು ಎಂದು ಕಾಣಬೇಕು ಅಂತ ಕೆಲವು ವಿಜ್ಞಾನಿಗಳು ಹೇಳಿದ್ದಾರೆ ಎಂದು ಆ ಸುತ್ತೋಲೆ ಉಲ್ಲೇಖಿಸುತ್ತದೆ. ಅಷ್ಟೇ. ಅದು ಕಾನೂನಿನ ಸ್ಥಾನಮಾನ ಅಲ್ಲ. ಆದರೆ ಅಷ್ಟು ಬರೆಯುವುದೂ ಸಣ್ಣ ಮಾತಲ್ಲ ರೀ. ಸರ್ಕಾರಿ ಕಾಗದದಲ್ಲಿ ನೈತಿಕ ಅನ್ನುವ ಪದವನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಇದು ನಮಗೆ ಹೊಸದೇನೂ ಅಲ್ಲ. ನಮ್ಮ ಮಸ್ಕಿ ಶಾಸನದಲ್ಲಿ ಹೆಸರು ಸಿಕ್ಕಿದ ಅಶೋಕ ಇದ್ದಾನಲ್ಲ, ಅವನ ಐದನೇ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿ ಇದೆ. ಅದರಲ್ಲಿ ಗಂಗಾಪುಪುಟಕ ಎಂಬ ಹೆಸರು ಬರುತ್ತದೆ. ಅದು ಗಂಗೆಯ ಡಾಲ್ಫಿನ್ ಎಂದು ವಿದ್ವಾಂಸರು ಹೇಳುತ್ತಾರೆ. 2009ರಲ್ಲಿ ಅದೇ ಪ್ರಾಣಿಯನ್ನು ರಾಷ್ಟ್ರೀಯ ಜಲಚರ ಎಂದು ಆರಿಸಿದೆವು. 2025ರ ಮಾರ್ಚ್‌ನಲ್ಲಿ ಪ್ರಕಟವಾದ ನದಿ ಡಾಲ್ಫಿನ್ ಗಣತಿಯಲ್ಲಿ ದೇಶದಲ್ಲಿ 6,327 ಇವೆ ಎಂಬ ಅಂದಾಜು ಬಂತು.

ಹಾಗಾದರೆ ಬಿಟ್ಟುಬಿಡೋಣ್ವಾ?

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು. ತೊಟ್ಟಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ, ಡಾಕ್ಟರ್, ಶಾರ್ಕ್ ಭಯ ಇಲ್ಲ. ಅದಕ್ಕೇನು ಕಷ್ಟ? ದೊಡ್ಡ ಪಾರ್ಕ್‌ಗಳಲ್ಲಿ ಬದುಕುಳಿಯುವ ಪ್ರಮಾಣ ಹಿಂದಿಗಿಂತ ಸುಧಾರಿಸಿದೆ ಅನ್ನುವುದು ನಿಜ. ಆದರೆ ಊಟ ಅಂದರೆ ಫ್ರೀಜರ್‌ನಿಂದ ತೆಗೆದ ಮೀನು. ಡಾಲ್ಫಿನ್ ಸಮುದ್ರದ ನೀರು ಕುಡಿದು ಬದುಕುವುದಿಲ್ಲ, ಅದಕ್ಕೆ ಬೇಕಾದ ನೀರು ಸಿಗುವುದೇ ಮೀನಿನಿಂದ. ಫ್ರೀಜ್ ಮಾಡಿದ ಮೀನಿನಲ್ಲಿ ನೀರೂ ಕಡಿಮೆ, ವಿಟಮಿನ್ನೂ ಕಡಿಮೆ. ಅದಕ್ಕೇ ಮಾತ್ರೆ ಕೊಡಬೇಕು. ಹೊಟ್ಟೆ ಹುಣ್ಣಿಗೆ ಇನ್ನೊಂದು ಮಾತ್ರೆ. ಇನ್ನು ಶಬ್ದದಿಂದಲೇ ಲೋಕ ನೋಡುವ ಪ್ರಾಣಿಯ ಸುತ್ತ ಕಾಂಕ್ರೀಟ್ ಗೋಡೆ, ಮೇಲೆ ಸ್ಪೀಕರ್.

ಹಾಗಂತ ನಾಳೆ ಬೆಳಿಗ್ಗೆ ಸಮುದ್ರಕ್ಕೆ ಬಿಡೋದೂ ಉತ್ತರ ಅಲ್ಲ. ಕೀಕೋ ಕಥೆ ಕೇಳಿ. 1993ರ ಫ್ರೀ ವಿಲ್ಲಿ ಸಿನಿಮಾದಲ್ಲಿ ಸ್ವಾತಂತ್ರ್ಯಕ್ಕೆ ಹಾರುವ ಓರ್ಕಾ ಅದು. ನಿಜ ಜೀವನದಲ್ಲಿ ಅದು ಮೆಕ್ಸಿಕೋ ನಗರದ ಒಂದು ಪಾರ್ಕಿನ ಸಣ್ಣ ತೊಟ್ಟಿಯಲ್ಲಿತ್ತು! ಸಿನಿಮಾ ನೋಡಿದ ಮಕ್ಕಳು ಗಲಾಟೆ ಮಾಡಿದರು. 1996ರಲ್ಲಿ ಆರೆಗಾನ್‌ಗೆ, 1998ರಲ್ಲಿ ಹುಟ್ಟೂರು ಐಸ್‌ಲ್ಯಾಂಡ್‌ಗೆ ತಂದು ವರ್ಷಗಟ್ಟಲೆ ತಯಾರಿ ಮಾಡಿದರು. 2002ರಲ್ಲಿ ಅದು ಈಜಿಕೊಂಡು ನಾರ್ವೆಗೆ ಹೋಯಿತು. ಅಲ್ಲೂ ಮನುಷ್ಯರನ್ನೇ ಹುಡುಕಿಕೊಂಡು ದಡಕ್ಕೆ ಬಂತು. 2003ರ ಡಿಸೆಂಬರ್‌ನಲ್ಲಿ ನ್ಯುಮೋನಿಯಾದಿಂದ ಸತ್ತಿತು. ಎರಡು ವರ್ಷದ ಮರಿಯನ್ನು ತಾಯಿಯಿಂದ ಕಿತ್ತುಕೊಂಡು, ಇಪ್ಪತ್ತು ವರ್ಷ ಆದ ಮೇಲೆ ಹೋಗು ಅಂದರೆ ಅದು ಎಲ್ಲಿಗೆ ಹೋಗಬೇಕು ಹೇಳಿ?

ಫ್ರಾನ್ಸ್ 2021ರಲ್ಲಿ ಇಂಥ ಶೋಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದರ ಪರಿಣಾಮವಾಗಿ 2025ರ ಜನವರಿಯಲ್ಲಿ ಆಂಟೀಬ್ ನಗರದ ದೊಡ್ಡ ಪಾರ್ಕ್ ಮುಚ್ಚಿತು. ಬಾಗಿಲು ಮುಚ್ಚಿದ ಮೇಲೂ ಅಲ್ಲಿದ್ದ ಓರ್ಕಾ ತಾಯಿ ಮತ್ತು ಮಗ ಅದೇ ಖಾಲಿ ಪಾರ್ಕಿನ ತೊಟ್ಟಿಯಲ್ಲೇ ಉಳಿದವು. ಅವನ್ನು ಎಲ್ಲಿಗೆ ಕಳಿಸಬೇಕು ಅಂತ ಜಗಳ. ಶುರು ಮಾಡುವುದು ಸುಲಭ, ಮುಗಿಸುವುದು ಕಷ್ಟ.

ಬ್ರಿಟನ್ ಮಾತ್ರ ಒಂದು ಜಾಣತನ ಮಾಡಿತು. ಅಲ್ಲಿ 1970ರ ದಶಕದಲ್ಲಿ ಹತ್ತಾರು ಡಾಲ್ಫಿನ್ ಶೋಗಳಿದ್ದವು. ಸರ್ಕಾರ ನಿಷೇಧ ಹೇರಲಿಲ್ಲ. ತೊಟ್ಟಿ ಇಷ್ಟು ದೊಡ್ಡದಿರಬೇಕು, ಇಷ್ಟು ಆಳ ಇರಬೇಕು ಅಂತ ಸ್ಪೆಸಿಫಿಕೇಷನ್ ಬಿಗಿ ಮಾಡಿತು. ಪ್ರಾಣಿಗೆ ನಿಜಕ್ಕೂ ಬೇಕಾದಷ್ಟು ಜಾಗ ಕೊಟ್ಟು ಲಾಭ ಮಾಡಲು ಯಾರಿಂದಲೂ ಆಗಲಿಲ್ಲ. 1993ರ ಹೊತ್ತಿಗೆ ಕೊನೆಯದೂ ಮುಚ್ಚಿತು. ಇಂಜಿನಿಯರ್ ಆಗಿ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಲೆಕ್ಕ ಸರಿಯಾಗಿ ಹಾಕಿದರೆ ಈ ವ್ಯಾಪಾರ ಗಿಟ್ಟುವುದೇ ಇಲ್ಲ. ಗಿಟ್ಟುತ್ತಿದೆ ಅಂದರೆ ಉಳಿದ ಬಾಕಿಯನ್ನು ಪ್ರಾಣಿ ಕಟ್ಟುತ್ತಿದೆ ಅಂತ ಅರ್ಥ.

ಈಗ ನಮ್ಮ ವಿಷಯ. ನಮ್ಮ ನೆಲದಲ್ಲಿ ಬೇಡ ಅಂದ ಶೋಗೆ ನಾವೇ ವಿಮಾನ ಹತ್ತಿ ಹೋಗಿ ಟಿಕೆಟ್ ಕೊಳ್ಳುತ್ತಿದ್ದೇವೆ. ಕೊಲ್ಲಿ ದೇಶ, ಥಾಯ್ಲೆಂಡ್, ಸಿಂಗಾಪುರ, ಎಲ್ಲ ಕಡೆ. ನಾನೂ ಕೊಂಡೆ. ಮಕ್ಕಳಿಗೆ ಡಾಲ್ಫಿನ್ ತೋರಿಸಬೇಕು ಅನ್ನುವ ಆಸೆ ತಪ್ಪಲ್ಲ. ಆದರೆ ಅದಕ್ಕೆ ಪಾಸ್‌ಪೋರ್ಟ್ ಬೇಡ. ನಮ್ಮ ಕಾರವಾರ ಇದೆ. ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗದ ಆಸುಪಾಸು, ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ಬೆಳಿಗ್ಗೆ ದೋಣಿಯಲ್ಲಿ ಹೋಗಿ. ಕಾಣಿಸಬಹುದು, ಕಾಣಿಸದೇ ಇರಬಹುದು. ದೋಣಿಯವನಿಗೆ ಹತ್ತಿರ ಹೋಗು, ಅಟ್ಟಿಸಿಕೊಂಡು ಹೋಗು ಅಂತ ಹೇಳಬೇಡಿ, ದೂರದಲ್ಲೇ ನಿಲ್ಲಿಸಲು ಹೇಳಿ. ಕಾದು ಕೂತಾಗ ಬೂದು ಬಣ್ಣದ ಬೆನ್ನೊಂದು ಎದ್ದು, ಫುಸ್ ಅಂತ ಉಸಿರು ಬಿಟ್ಟು, ಮುಳುಗುತ್ತದೆ. ಚೆಂಡು ಆಡಲ್ಲ, ಕೈ ಬೀಸಲ್ಲ. ನಮ್ಮ ಕಡೆ ನೋಡುವುದೂ ಇಲ್ಲ. ಕಳೆದ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ಕಾದಿದ್ದಕ್ಕೆ ಕಂಡದ್ದು ಮೂರು ಸಲ. ಮತ್ತೆ ಯಾವ ಕಡೆ ಏಳುತ್ತೆ ಅಂತ ಲೆಕ್ಕ ಹಾಕಿದೆ. ಮೂರು ಸಲವೂ ನನ್ನ ಲೆಕ್ಕ ತಪ್ಪಿತು.

ಮುಂದಿನ ಸಲ ಟ್ರಾವೆಲ್ ಏಜೆಂಟ್ ನಿಮ್ಮ ಮುಂದೆ ಪ್ಯಾಕೇಜ್ ಪಟ್ಟಿ ಇಟ್ಟಾಗ ಅದರಲ್ಲಿ ಡಾಲ್ಫಿನ್ ಶೋ ಇದ್ದೇ ಇರುತ್ತದೆ. ಭಾಷಣ ಮಾಡಬೇಡಿ, ಜಗಳ ಆಡಬೇಡಿ. ಅದೊಂದು ಬೇಡ, ಬೇರೆ ಏನಾದರೂ ಹಾಕಿ ಅನ್ನಿ. ಸಾಕು. ಏಜೆಂಟ್ ಯಾಕೆ ಸಾರ್ ಅಂತ ಕೇಳಿದರೆ, 22 ಸೆಕೆಂಡ್ ಅಂತ ಹೇಳಿ.